ಚಹರೆ ಪಟ್ಟಿಯಲ್ಲಿಲ್ಲದ ಗುರುತು

“ತೊಟ್ಟಿದ್ದ ಬಟ್ಟೆ?” ಎಂದು ಠಾಣೆಯ ರೈಟರ್ ಕೇಳಿದರು. “ಬಿಳಿ ಅಂಗಿ, ಬಿಳಿ ಪಂಚೆ” ಎಂದೆ ನಾನು. ಅಮ್ಮ ನನ್ನ ಕಡೆ ತಿರುಗಿ, “ಬಿಳಿಯಲ್ಲ, ನೀಲಿ ಗೀರಿನದು” ಎಂದಳು. ರೈಟರ್ ಪೆನ್ನು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತ ಕುಳಿತರು.

ಅದು ನವೆಂಬರ್ ತಿಂಗಳು. ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಡಬೇಕಾದ ಕಾಲ. ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾಗಿದ್ದ ಅಪ್ಪ ಅದಕ್ಕೆಂದೇ ಬೆಳಿಗ್ಗೆ ಒಂಬತ್ತಕ್ಕೆ ತಿಪಟೂರಿಗೆ ಹೊರಟಿದ್ದರು. ನಮ್ಮ ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮಧ್ಯಾಹ್ನದ ಊಟಕ್ಕೆ ಬರಬೇಕಾದವರು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಅವರ ಮೊಬೈಲ್ ಮನೆಯಲ್ಲೇ ಚಾರ್ಜಿಗೆ ಹಾಕಿದ್ದಲ್ಲಿ ಹಾಗೆಯೇ ಇತ್ತು. ಹನ್ನೊಂದು ಗಂಟೆಗೇ ಕೆಲಸ ಮುಗಿಸಿಕೊಂಡು ಹೋದರು ಎಂದು ಬ್ಯಾಂಕಿನ ಕಾವಲುಗಾರ ಹೇಳಿದ. ಅಲ್ಲಿಂದಾಚೆಗೆ ಅವರನ್ನು ಕಂಡವರು ಯಾರೂ ಸಿಗಲಿಲ್ಲ. ರಾತ್ರಿ ಎಂಟೂವರೆಗೆ ನಾನೂ ಅಮ್ಮನೂ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದೆವು.

ಬೆಳಿಗ್ಗೆ ಬಾಗಿಲವರೆಗೆ ಹೋಗಿ ಅಪ್ಪನ ಕೈಗೆ ಚೀಲ ಕೊಟ್ಟವಳು ನಾನೇ. ಮೈಸೂರಿನಿಂದ ರಜೆಗೆಂದು ಬಂದಿದ್ದೆ. ಕೊಡೆ ಬೇಕೇ ಎಂದು ಕೇಳಿದ್ದೆ. ಅವರು ಅಂಗಳದಲ್ಲಿ ನಿಂತು ಆಕಾಶ ನೋಡಿ, ಬೇಡ ಮಗಳೇ ಎಂದಿದ್ದರು. ಆ ಆಕಾಶ ನೆನಪಿತ್ತು. ಚೀಲದ ಮೇಲೆ ಅಚ್ಚಾಗಿದ್ದ ಬಟ್ಟೆ ಅಂಗಡಿಯ ಹೆಸರು ಕೂಡ ನೆನಪಿತ್ತು. ಅಂಗಿಯ ಬಣ್ಣ ಮಾತ್ರ ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟಲಿಲ್ಲ.

“ಎತ್ತರ?” “ಐದೂವರೆ ಅಡಿ ಇರಬಹುದು.” “ಕೋಲು ಮುಖವೋ, ದುಂಡು ಮುಖವೋ?” “ಕೋಲು ಮುಖ.” “ಮೈಬಣ್ಣ? ಎಣ್ಣೆಗೆಂಪು ಎಂದು ಬರೆಯಲೇ, ಗೋಧಿ ಬಣ್ಣ ಎಂದು ಬರೆಯಲೇ?” ಮೈಕಟ್ಟಿನ ಬಗ್ಗೆ ಅವರು ಕೇಳಲೇ ಇಲ್ಲ. ತಾವೇ ‘ಸಾಧಾರಣ’ ಎಂದು ಬರೆದುಕೊಂಡರು.

ಅಮ್ಮ ಅಷ್ಟರಲ್ಲಿ ಮತ್ತೆ ಬಾಯಿ ತೆರೆದಳು. “ಬಣ್ಣ ನನಗೆ ಸರಿಯಾಗಿ ಹೇಳಲು ಆಗುವುದಿಲ್ಲ ಸ್ವಾಮಿ, ಕಣ್ಣಿಗೆ ಪೊರೆ ಬಂದಿದೆ. ಆದರೆ ಅಂಗಿಯ ಮೇಲಿನಿಂದ ಎರಡನೆಯ ಗುಂಡಿ ಬೇರೆಯದು. ಉಳಿದವಕ್ಕಿಂತ ಸ್ವಲ್ಪ ದಪ್ಪ. ನಿನ್ನೆ ರಾತ್ರಿ ನಾನೇ ಹಾಕಿದ್ದು.” ಹೇಳುತ್ತ ಹೇಳುತ್ತ ಅವಳ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಆ ಗುಂಡಿ ಅಲ್ಲಿಯೇ ಇದೆ ಎನ್ನುವ ಹಾಗೆ. ರೈಟರ್ ಒಳ್ಳೆಯ ಮನುಷ್ಯ. ಅದನ್ನೂ ಬರೆದುಕೊಳ್ಳುತ್ತೇನೆ ತಾಯಿ ಎಂದರು. ಆದರೆ ಅದನ್ನು ಬರೆಯಲು ಆ ಅರ್ಜಿಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಚಿಕ್ಕದಾಗಿ ಬರೆದರು.

ನಾನು ಚಿಕ್ಕಂದಿನಿಂದಲೂ ಸಸ್ಪೆನ್ಸ್ ಕಥೆಗಳ ಹುಚ್ಚು ಹತ್ತಿಸಿಕೊಂಡವಳು. ಬೇಸಿಗೆ ರಜೆಯಲ್ಲಿ ಅಟ್ಟದ ಮೇಲೆ ಕುಳಿತು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದವಳು. ಕೊಲೆಗಾರ ಯಾರು ಎಂದು ಮೊದಲೇ ಊಹಿಸಿ, ಕೊನೆಯ ಪುಟದಲ್ಲಿ ಅದು ನಿಜವಾದಾಗ ಹಿಗ್ಗಿದವಳು. ಸತ್ತವನ ಮನೆಯಲ್ಲಿ ಅಂದು ರಾತ್ರಿ ಯಾರು ಅಡುಗೆ ಮಾಡಿದರು ಎಂಬ ಪ್ರಶ್ನೆ ನನಗೆ ಎಂದೂ ಹುಟ್ಟಿರಲಿಲ್ಲ. ಠಾಣೆಯಿಂದ ಮನೆಗೆ ಬಂದ ಮೇಲೆ ಅಮ್ಮ ಒಲೆ ಹಚ್ಚಿ ಮೂರು ಜನಕ್ಕೆ ಅಕ್ಕಿ ಹಾಕಿದಳು. ನಾನು ನೋಡುತ್ತ ನಿಂತೆ. ಎರಡು ಲೋಟ ಸಾಕಲ್ಲವೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಆ ರಾತ್ರಿ ಕಳೆದ ಮೇಲೆ ನನ್ನನ್ನು ಹಿಡಿದು ಕೂರಿಸುವುದು ಒಂದೇ ಬಗೆಯ ಥ್ರಿಲ್ಲರ್. ಅದರಲ್ಲಿ ಜಾಣ ಪತ್ತೇದಾರ ಇರಬೇಕಾಗಿಲ್ಲ, ವಿಚಿತ್ರ ಕೊಲೆಗಾರನೂ ಬೇಕಾಗಿಲ್ಲ. ಸಂಬಳ, ಸಾಲ, ಮಕ್ಕಳ ಫೀಸು ಎಂದುಕೊಂಡು ಬದುಕುವ ಒಂದು ಮನೆಯ ಮೇಲೆ ದುರಂತ ಬಂದೆರಗುತ್ತದೆ. ಆಮೇಲೆ ಹೊರಗಿನವರೊಬ್ಬರು ಬಂದು, ನಿಮ್ಮವರ ಬಗ್ಗೆ ನಿಮಗೇನು ಗೊತ್ತು ಹೇಳಿ ಎನ್ನುತ್ತಾರೆ. ಆ ಪ್ರಶ್ನೆಯ ಮುಂದೆ ಮನೆ ತಡವರಿಸುತ್ತದೆ. ನನ್ನ ಮಟ್ಟಿಗೆ ನಿಜವಾದ ಸಸ್ಪೆನ್ಸ್ ಇರುವುದು ಆ ತಡವರಿಕೆಯಲ್ಲಿ.

‘ದೃಶ್ಯಂ’ ಚಿತ್ರವನ್ನೇ ತೆಗೆದುಕೊಳ್ಳಿ. (ಇನ್ನೂ ನೋಡದೆ ಉಳಿದವರಿದ್ದರೆ ಇಲ್ಲಿಂದ ಮುಂದಕ್ಕೆ ಕಥೆಯ ಗುಟ್ಟುಗಳಿವೆ.) 2013ರ ಡಿಸೆಂಬರಿನಲ್ಲಿ ಜೀತು ಜೋಸೆಫ್ ಮಲಯಾಳದಲ್ಲಿ ಮಾಡಿದ ಚಿತ್ರ. ಮರುವರ್ಷವೇ ಪಿ. ವಾಸು ಅದನ್ನು ‘ದೃಶ್ಯ’ ಎಂದು ಕನ್ನಡಕ್ಕೆ ತಂದರು. ಅಲ್ಲಿ ಮೋಹನ್‌ಲಾಲ್ ಮಾಡಿದ ಜಾರ್ಜ್‌ಕುಟ್ಟಿ ಇಲ್ಲಿ ರವಿಚಂದ್ರನ್ ಅವರ ರಾಜೇಂದ್ರ ಪೊನ್ನಪ್ಪನಾದ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು, ಕೇಬಲ್ ಟಿ.ವಿ. ನಡೆಸಿ ಸಂಸಾರ ಸಾಗಿಸುವವನು, ರಾತ್ರಿಯೆಲ್ಲ ಕಚೇರಿಯಲ್ಲಿ ಕುಳಿತು ಸಿನಿಮಾ ನೋಡುವವನು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸ್ನಾನ ಮಾಡುತ್ತಿದ್ದುದನ್ನು ಮೊಬೈಲಿನಲ್ಲಿ ಕದ್ದು ಚಿತ್ರೀಕರಿಸಿದ ಹುಡುಗ ಮನೆಗೇ ಬಂದು ಬೆದರಿಸುತ್ತಾನೆ. ಅವಳು ಆ ಮೊಬೈಲನ್ನು ಒಡೆಯಲು ಬೀಸಿದ ಏಟು ಅವನ ತಲೆಗೆ ಬೀಳುತ್ತದೆ. ಸತ್ತವನು ಪೊಲೀಸ್ ಐಜಿಯಾಗಿದ್ದ ಹೆಂಗಸಿನ ಒಬ್ಬನೇ ಮಗ.

ಯಾರು ಕೊಂದರು, ಏಕೆ ಕೊಂದರು ಎಂಬುದು ನಮಗೆ ಅರ್ಧ ಚಿತ್ರಕ್ಕೂ ಮೊದಲೇ ಗೊತ್ತು. ಆದರೂ ಕುರ್ಚಿಯ ತುದಿಗೆ ಬಂದು ಕೂರುತ್ತೇವೆ. ಆ ಅಪ್ಪ ಮಾಡುವುದಿಷ್ಟೇ: ಕೊಲೆ ನಡೆದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಂದು ಪ್ರವಾಸ ಹೋಗುತ್ತಾನೆ, ಆಮೇಲೆ ಆ ಪ್ರವಾಸವನ್ನು ಹಿಂದಿನ ತಾರೀಖಿಗೆ ಸರಿಸುತ್ತಾನೆ. ಬಸ್ಸಿನಲ್ಲಿ ಕಂಡಕ್ಟರ್ ನೆನಪಿಟ್ಟುಕೊಳ್ಳುವ ಹಾಗೆ ನಡೆದುಕೊಳ್ಳುತ್ತಾನೆ. ಲಾಡ್ಜಿನವರು, ಹೋಟೆಲಿನವರು, ಚಿತ್ರಮಂದಿರದವರು ಎಲ್ಲರೊಂದಿಗೂ ಮಾತಿಗೆ ನಿಲ್ಲುತ್ತಾನೆ. ಕೆಲವು ದಿನ ಬಿಟ್ಟು ಮತ್ತೆ ಅವರನ್ನು ಕಂಡು, ಮಾತಿನ ನಡುವೆ ತಾರೀಖನ್ನು ಮೆಲ್ಲಗೆ ಅವರ ತಲೆಯೊಳಗೆ ಇಳಿಸುತ್ತಾನೆ. ಪೊಲೀಸರು ಕೇಳಿದಾಗ ಅವರೆಲ್ಲರೂ ಪ್ರಾಮಾಣಿಕವಾಗಿ ಸುಳ್ಳು ಹೇಳುತ್ತಾರೆ. ಹೌದು, ಆ ಸಂಸಾರವನ್ನು ನಾನು ಕಣ್ಣಾರೆ ಕಂಡೆ. ಹೌದು, ಆಗಸ್ಟ್ 2ರಂದೇ.

ಇದನ್ನು ಬರೆದವರಿಗೆ ನೆನಪಿನ ಗುಣ ಚೆನ್ನಾಗಿ ಗೊತ್ತಿದೆ. ನಾವು ನಡೆದದ್ದನ್ನು ನೆನಪಿಟ್ಟುಕೊಳ್ಳುತ್ತೇವೆ, ತಾರೀಖನ್ನು ಇಟ್ಟುಕೊಳ್ಳುವುದಿಲ್ಲ. ಧರ್ಮಸ್ಥಳಕ್ಕೆ ಹೋದದ್ದು ಯಾವ ವರ್ಷ ಎಂದು ನಮ್ಮ ಮನೆಯಲ್ಲಿ ಕೇಳಿ ನೋಡಿ. ಅಮ್ಮ, ಚಿಕ್ಕಪ್ಪನ ಮಗಳು ಮೈನೆರೆದ ವರ್ಷ ಎನ್ನುತ್ತಾಳೆ. ಅಪ್ಪ, ತೆಂಗಿಗೆ ನುಸಿ ಬಿದ್ದ ವರ್ಷ ಎನ್ನುತ್ತಿದ್ದರು. ನನಗೆ ಘಾಟಿಯಲ್ಲಿ ವಾಂತಿ ಮಾಡಿಕೊಂಡದ್ದು ನೆನಪಿದೆ. ಮೂವರೂ ಹೇಳುವುದು ನಿಜ. ಯಾರಾದರೂ ಬಂದು ಗಟ್ಟಿ ದನಿಯಲ್ಲಿ ಒಂದು ಇಸವಿ ಹೇಳಿದರೆ ಮೂವರೂ ಹೌದು ಹೌದು ಎಂದು ಒಪ್ಪಿಕೊಂಡುಬಿಡುತ್ತಿದ್ದೆವು.

ಈ ಕಥೆ ಹೋದಲ್ಲೆಲ್ಲ ಬೇರುಬಿಟ್ಟಿತು. ತೆಲುಗು, ತಮಿಳು, ಹಿಂದಿಗೆ ಹೋಯಿತು. 2017ರಲ್ಲಿ ಸಿಂಹಳಕ್ಕೆ, 2019ರಲ್ಲಿ ಚೀನೀ ಭಾಷೆಗೆ ಹೋಯಿತು. ಚೀನೀ ಚಿತ್ರದ ಸಂಸಾರ ಥಾಯ್ಲೆಂಡಿನಲ್ಲಿ ನೆಲೆಸಿದ ಸಂಸಾರ. ಊಟ, ಉಡುಗೆ, ದೇವರು ಬದಲಾದರೂ ಕಥೆ ಅಲುಗಾಡಲಿಲ್ಲ. ಊಟದ ಬಿಲ್ಲು, ಬಸ್ಸಿನ ಟಿಕೆಟ್ಟು, ಲಾಡ್ಜಿನ ರಶೀದಿ ಇಲ್ಲದ ದೇಶವಿಲ್ಲ. ಎಂದೋ ಕಸಕ್ಕೆ ಹೋಗಬೇಕಾದ ಚೀಟಿಗಳು ಒಂದು ಸಂಸಾರದ ಜೀವ ಉಳಿಸುತ್ತವೆ ಎಂಬುದು ಯಾವ ಭಾಷೆಯಲ್ಲಿ ಹೇಳಿದರೂ ಮೈ ನಡುಗಿಸುತ್ತದೆ.

ನನಗೆ ಹೆಚ್ಚು ಕಾಡುವುದು ಮಾತ್ರ ಚಿಕ್ಕ ಮಗಳು. ಅಪ್ಪ ಅವಳಿಗೆ ಪಾಠ ಹೇಳಿಕೊಡುತ್ತಾನೆ: ನಾವು ಇಲ್ಲಿಗೆ ಹೋದೆವು, ಇದನ್ನು ತಿಂದೆವು, ಈ ಸಿನಿಮಾ ನೋಡಿದೆವು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆಯೇ ಒಂದು ಸುಳ್ಳು ದಿನವನ್ನು ಬಾಯಿಪಾಠ ಮಾಡಿಸುತ್ತಾನೆ. ಮಗು ಅದನ್ನು ಒಪ್ಪಿಸುತ್ತದೆ. ಕಾನ್‌ಸ್ಟೆಬಲ್ ಹೊಡೆದಾಗ ಅವಳ ಬಾಯಿಂದ ಆ ಹುಡುಗನನ್ನು ಹೂತ ಗೊಬ್ಬರದ ಗುಂಡಿಯ ವಿಷಯ ಹೊರಬೀಳುತ್ತದೆ. ಅಗೆದರೆ ಅಲ್ಲಿ ಸಿಗುವುದು ಕರುವಿನ ಹೆಣ. ಚಿತ್ರಮಂದಿರದಲ್ಲಿ ಜನ ಅಲ್ಲಿ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದ್ದೆ. ಈಗ ಅದೇ ದೃಶ್ಯ ಬಂದರೆ ನನ್ನ ಕಣ್ಣು ಆ ಮಗುವಿನ ಮುಖದ ಮೇಲೆಯೇ ನಿಲ್ಲುತ್ತದೆ. ಆ ಮನೆಯಲ್ಲಿ ಇನ್ನು ಮುಂದೆ ಯಾವ ನೆನಪನ್ನೂ ಅವಳು ತನ್ನದೆಂದು ನಂಬಲಾರಳು.

ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ಬಂತು. ಹೆಸರು ಕೇಳಿದ ಕೂಡಲೇ ನಮ್ಮ ತಲೆಮಾರಿನವರಿಗೆ ದೂರದರ್ಶನದಲ್ಲಿ ಓದುತ್ತಿದ್ದ ಕಾಣೆಯಾದವರ ಪ್ರಕಟಣೆ ಕಿವಿಗೆ ಬರುತ್ತದೆ. ತಮಿಳಿಗೆ ಹೋದಾಗಲೂ ಆ ಹೆಸರಿನ ಧಾಟಿ ಉಳಿಯಿತು: ‘60 ವಯದು ಮಾನಿರಂ’. ಅಲ್ಲಿ ಅನಂತ್ ನಾಗ್ ಅವರ ವೆಂಕೋಬ ರಾವ್‌ಗೆ ಆಲ್ಝೈಮರ್ಸ್, ರಕ್ಷಿತ್ ಶೆಟ್ಟಿಯವರ ಶಿವನಿಗೆ ಮುಂಬೈಯ ಕೆಲಸ. ಮಗನ ಒಂದು ಕ್ಷಣದ ಅಜಾಗರೂಕತೆಯಲ್ಲಿ ಅಪ್ಪ ತಪ್ಪಿಸಿಕೊಳ್ಳುತ್ತಾರೆ, ಹೆಣ ಸಾಗಿಸುತ್ತಿರುವ ರೌಡಿಗಳ ವಾಹನ ಹತ್ತಿಬಿಡುತ್ತಾರೆ. ಬಂದೂಕು ಇದೆ, ಬೆನ್ನಟ್ಟುವಿಕೆ ಇದೆ, ಒಳ್ಳೆಯ ಥ್ರಿಲ್ಲರಿಗೆ ಬೇಕಾದುದೆಲ್ಲ ಇದೆ. ಆದರೆ ಕಥೆಯ ಎದೆ ಇರುವುದು ಮಗನ ಅಲೆದಾಟದಲ್ಲಿ. ಹೋದಲ್ಲೆಲ್ಲ ಬೇರೆಯವರು ಅವನಿಗೆ ಅವನ ಅಪ್ಪನ ಕಥೆ ಹೇಳುತ್ತಾರೆ. ಮರೆವಿನ ರೋಗ ಬಂದದ್ದು ಅಪ್ಪನಿಗೆ. ಅಪ್ಪ ಎಂಥವರೆಂದು ಗೊತ್ತಿಲ್ಲದಿದ್ದುದು ಮಗನಿಗೆ.

ಆ ಚಿತ್ರವನ್ನು ನಾನು ಠಾಣೆಗೆ ಹೋಗುವ ಮೊದಲೇ ನೋಡಿದ್ದೆ, ಚೆನ್ನಾಗಿದೆ ಎಂದು ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ರೈಟರ್ ‘ಸಾಧಾರಣ’ ಎಂದು ಬರೆದಾಗ ಅದು ನೆನಪಾಗಿ ಗಂಟಲು ಕಟ್ಟಿತು. ಮೂವತ್ತೆಂಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು, ಸೀಮೆಸುಣ್ಣದ ಪುಡಿಗೆ ಸೀನುತ್ತಲೇ ಪದ್ಯ ಹೇಳಿಕೊಟ್ಟವರು, ಊಟದ ಕೊನೆಗೆ ಮಜ್ಜಿಗೆಯ ಲೋಟವನ್ನು ಎತ್ತಿ ತುಟಿಗೆ ತಾಗಿಸದೆ ಕುಡಿಯುವವರು. ಇಷ್ಟೆಲ್ಲ ಸೇರಿ ಆ ಕಾಗದದ ಮೇಲೆ ಒಂದು ಪದವಾಗಿತ್ತು.

ಇರಾನಿನ ಅಸ್ಗರ್ ಫರ್ಹಾದಿ 2009ರಲ್ಲಿ ಮಾಡಿದ ‘ಎಲ್ಲಿಯ ಕುರಿತು’ (ಅಬೌಟ್ ಎಲ್ಲಿ) ಚಿತ್ರವನ್ನೂ ಇಲ್ಲಿ ನೆನೆಯಬೇಕು. ಕೆಲವು ಸಂಸಾರಗಳು ಸೇರಿ ಕ್ಯಾಸ್ಪಿಯನ್ ತೀರಕ್ಕೆ ರಜೆಗೆ ಹೋಗುತ್ತವೆ. ಜೊತೆಗೆ ಕರೆದುಕೊಂಡು ಹೋದ ಎಲ್ಲಿ ಎಂಬ ಹುಡುಗಿ ಸಮುದ್ರದ ದಂಡೆಯಲ್ಲಿ ಮಾಯವಾಗುತ್ತಾಳೆ. ಮುಳುಗಿದಳೋ, ಹೇಳದೆ ಹೊರಟುಹೋದಳೋ ತಿಳಿಯದು. ಅವಳ ಪೂರ್ತಿ ಹೆಸರೇನು ಎಂದು ವಿಚಾರಿಸಿದರೆ ಯಾರಿಗೂ ಗೊತ್ತಿಲ್ಲ. ಹಿಂದಿನ ರಾತ್ರಿ ಅವಳ ಜೊತೆ ಕುಣಿದು, ಹಾಡಿ, ಆಟವಾಡಿದವರು ಅವರೆಲ್ಲ. ನನಗೆ ಗೊತ್ತಿರುವ ಥ್ರಿಲ್ಲರುಗಳಲ್ಲಿ ಇಷ್ಟು ಸಣ್ಣ ಪ್ರಶ್ನೆಯಿಂದ ಇಷ್ಟು ಭಯ ಹುಟ್ಟಿಸಿದ್ದು ಇನ್ನೊಂದಿಲ್ಲ.

ಇನ್ನೂ ಹಳೆಯದೊಂದು ಕಥೆಯಿದೆ. ಎಷ್ಟೋ ವರ್ಷಗಳ ಹಿಂದೆ ಮನೆ ಬಿಟ್ಟು ಹೋದ ಮಗ ಹಣವಂತನಾಗಿ ತಿರುಗಿ ಬರುತ್ತಾನೆ. ತಾನು ಯಾರೆಂದು ಹೇಳುವುದಿಲ್ಲ, ಅವರೇ ಗುರುತು ಹಿಡಿಯಲಿ ಎಂಬ ಆಸೆ. ಬಡತನದಲ್ಲಿ ಬೆಂದ ಮನೆಯವರು ಹಣದಾಸೆಗೆ ಆ ಅತಿಥಿಯನ್ನು ಕೊಲ್ಲುತ್ತಾರೆ. ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮೂ ಇದನ್ನು 1942ರ ತನ್ನ ಕಾದಂಬರಿಯಲ್ಲಿ ಒಂದು ಹಳೆಯ ಪತ್ರಿಕೆಯ ತುಣುಕಾಗಿ ತಂದ. ಸೆರೆಮನೆಯ ಹಾಸಿಗೆಯ ಕೆಳಗೆ ಸಿಕ್ಕ ಆ ತುಣುಕನ್ನು ಕೈದಿ ಮತ್ತೆ ಮತ್ತೆ ಓದುತ್ತಾನೆ. ಎರಡು ವರ್ಷದ ಮೇಲೆ ಅದೇ ಕಥೆ ಕಾಮೂನ ನಾಟಕವಾಗಿ ಬಂತು. ನಾಟಕದಲ್ಲಿ ಮಗ ತನ್ನ ಪಾಸ್‌ಪೋರ್ಟನ್ನು ತಂಗಿಯ ಕೈಗೇ ಕೊಡುತ್ತಾನೆ. ಅವಳು ಅದನ್ನು ತೆರೆದು ಓದುವುದಿಲ್ಲ. ಆ ಒಂದು ಕ್ಷಣವನ್ನು ಓದುವಾಗ ಪುಸ್ತಕದೊಳಗೆ ಕೈ ಹಾಕಿ ಅವಳ ಕತ್ತನ್ನು ಕಾಗದದ ಕಡೆ ತಿರುಗಿಸಬೇಕು ಎನ್ನಿಸುತ್ತದೆ.

ಇದೇ ಜಾಡಿನ ಕಥೆ ಕನ್ನಡದಲ್ಲೂ ಇದೆ. ಮೋಹನ್ ಹಬ್ಬು ಅವರ ನಾಟಕವನ್ನು ಆಧರಿಸಿ ದಯಾಳ್ ಪದ್ಮನಾಭನ್ 2018ರಲ್ಲಿ ‘ಆ ಕರಾಳ ರಾತ್ರಿ’ ಮಾಡಿದರು. ರಂಗಾಯಣ ರಘು ಮತ್ತು ವೀಣಾ ಸುಂದರ್ ಅಪ್ಪ ಅಮ್ಮ. ಹೆತ್ತ ತಾಯಿ ಮಗನಿಗೆ ಊಟ ಬಡಿಸುತ್ತಾಳೆ, ಗುರುತು ಹಿಡಿಯುವುದಿಲ್ಲ. ಹೆತ್ತ ಕರುಳು ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಕರುಳಿಗೆ ಎಲ್ಲವೂ ತಿಳಿಯುತ್ತದೆ ಎಂಬ ನಂಬಿಕೆಯನ್ನೇ ಈ ಕಥೆ ಕುತ್ತಿಗೆಗೆ ಹಿಡಿದು ಕೇಳುತ್ತದೆ. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ನಾನು ಏಳಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಸಿಟ್ಟನ್ನೂ ಹೇಳಿಬಿಡುತ್ತೇನೆ. ಮೊದಲ ಹತ್ತು ನಿಮಿಷದಲ್ಲಿ ಒಂದು ಹುಡುಗಿಯನ್ನೋ ಮಗುವನ್ನೋ ಕೊಂದು, ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಳುವುದನ್ನು ಒಂದು ಸಲ ತೋರಿಸಿ, ಆಮೇಲೆ ಎರಡು ಗಂಟೆ ಆ ಮನೆಯ ಕಡೆ ತಲೆಯನ್ನೇ ಹಾಕದ ಚಿತ್ರಗಳು ಸಾಲು ಸಾಲಾಗಿ ಬರುತ್ತಿವೆ. ಕೊಲೆಗಾರನ ಬಾಲ್ಯಕ್ಕೆ ಅರ್ಧ ಗಂಟೆ ಸಿಗುತ್ತದೆ, ಸತ್ತ ಮಗುವಿನ ಬಾಲ್ಯಕ್ಕೆ ಒಂದು ಫೋಟೊ. ಅಂಥ ಚಿತ್ರ ಎಷ್ಟೇ ಜಾಣತನದಿಂದ ಹೆಣೆದಿದ್ದರೂ ನಾನು ಎದ್ದು ಬರುತ್ತೇನೆ. ದುಃಖವನ್ನು ಬೆಂಕಿಕಡ್ಡಿಯ ಹಾಗೆ ಗೀರಿ ಬಿಸಾಡುವವರ ಮೇಲೆ ನನಗೆ ನಂಬಿಕೆಯಿಲ್ಲ.

‘ದೃಶ್ಯಂ’ ಹಾಗೆ ಮಾಡಲಿಲ್ಲ. ಅದರಲ್ಲಿ ಎರಡು ಮನೆಗಳಿವೆ. ಒಂದು ಮನೆ ಉಳಿಯುವುದಕ್ಕೆ ಹೋರಾಡುತ್ತದೆ. ಇನ್ನೊಂದು ಮನೆಗೆ ಮಗ ಇದ್ದಾನೋ ಇಲ್ಲವೋ ಎಂಬುದೇ ತಿಳಿಯದು. ಕೊನೆಯಲ್ಲಿ ಆ ಹುಡುಗನ ಅಪ್ಪ, ಜಾರ್ಜ್‌ಕುಟ್ಟಿಯ ಮುಂದೆ ನಿಂತು ಮಗನ ತಪ್ಪಿಗೆ ಕ್ಷಮೆ ಕೇಳುತ್ತಾನೆ, ಅವನಿಗಾಗಿ ಇನ್ನೂ ಕಾಯಬೇಕೇ ಎಂದು ತಿಳಿಯಲು ಹಂಬಲಿಸುತ್ತಾನೆ. ಮಗ ಕೆಟ್ಟದ್ದು ಮಾಡಿದ್ದಾನೆ ಎಂದು ಒಪ್ಪಿಕೊಂಡ ಮೇಲೂ ಅಪ್ಪನಿಗೆ ಕಾಯುವುದು ತಪ್ಪುವುದಿಲ್ಲ. 2021ರಲ್ಲಿ ಬಂದ ಎರಡನೆಯ ಭಾಗದಲ್ಲಿ, ಕಥೆಯಲ್ಲಿ ಆರು ವರ್ಷ ಕಳೆದ ಮೇಲೆ, ಆ ತಂದೆತಾಯಿಗೆ ಮಗನ ಬೂದಿ ಸಿಗುತ್ತದೆ. ಬೂದಿ ಸಿಕ್ಕಿದ್ದಕ್ಕೆ ಸಮಾಧಾನಪಡಬೇಕಾದ ಸ್ಥಿತಿ ಯಾವ ಮನೆಗೂ ಬರಬಾರದು.

ನಮ್ಮ ಅಪ್ಪ ಮರುದಿನ ಬೆಳಿಗ್ಗೆ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಸಿಕ್ಕರು. ಅಂದು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಹೊರಟಿದ್ದರು. ಬ್ಯಾಂಕಿನಿಂದ ಹೊರಬಿದ್ದ ಮೇಲೆ ಸಕ್ಕರೆಯ ಅಂಶ ಇಳಿದು ತಲೆ ಮಂಕಾಗಿ, ಊರಿನ ಬಸ್ಸಿನ ಬದಲು ಬೇರೆ ಬಸ್ಸು ಹತ್ತಿದ್ದರು. ಅಂಚಿನಲ್ಲಿ ಬರೆದ ಗುಂಡಿಯಿಂದ ಅವರು ಸಿಗಲಿಲ್ಲ, ಬಣ್ಣದಿಂದಂತೂ ಸಿಗುವ ಹಾಗಿರಲಿಲ್ಲ. ಬೆಂಚಿನ ಮೇಲೆ ಕುಳಿತು ಯಾರನ್ನೋ ಹೊತ್ತೆಷ್ಟಾಯಿತು ಎಂದು ಕೇಳಿದ್ದರಂತೆ. ಪಕ್ಕದಲ್ಲಿ ಚಹಾ ಮಾರುತ್ತಿದ್ದವನು ಆ ದನಿ ಕೇಳಿ ತಿರುಗಿ ನೋಡಿದ. ಮೂರನೇ ತರಗತಿಯಲ್ಲಿ ಅವರ ಕೈಕೆಳಗೆ ಓದಿದವನು. “ಮುಖ ಹಿಡಿಯಲಾಗಲಿಲ್ಲ ಅಕ್ಕಾ, ಬಹಳ ಇಳಿದುಹೋಗಿದ್ದಾರೆ. ದನಿ ಮಾತ್ರ ಮೇಷ್ಟರದೇ” ಎಂದು ನನಗೆ ಹೇಳಿದ. ನಾವು ಹೋಗುವ ಹೊತ್ತಿಗೆ ಅವರಿಗೆ ಎರಡು ಬನ್ನು, ಸಕ್ಕರೆ ಹಾಕಿದ ಹಾಲು ಕೊಟ್ಟು, ತನ್ನ ಟವೆಲು ಹೊದಿಸಿ ಕೂರಿಸಿದ್ದ. ಹಣ ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಂಡ.

ಅಪ್ಪ ನಮ್ಮನ್ನು ನೋಡಿ, ಬ್ಯಾಂಕಿನ ಕೆಲಸ ಆಯಿತು ಎಂದರು. ಅವರ ಅಂಗಿ ತಿಳಿ ಹಸಿರು. ಬಿಳಿಯೂ ಅಲ್ಲ, ನೀಲಿ ಗೀರಿನದೂ ಅಲ್ಲ. ಅಮ್ಮ ಮಾತಾಡದೆ ಅವರ ಎದೆಯ ಮೇಲೆ ಕೈ ಇಟ್ಟು ಎರಡನೆಯ ಗುಂಡಿಯನ್ನು ಮುಟ್ಟಿ ನೋಡಿದಳು.

ಅದಾದ ಮೂರು ವರ್ಷಕ್ಕೆ ಅಪ್ಪ ಮನೆಯಲ್ಲೇ, ನಿದ್ದೆಯಲ್ಲೇ ಹೋದರು.

ಹೋದ ತಿಂಗಳು ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ‘ದೃಶ್ಯ’ ಬರುತ್ತಿತ್ತು. ಅಮ್ಮನಿಗೆ ಈಗ ಪೊರೆಯ ಆಪರೇಷನ್ ಆಗಿದೆ, ಬಣ್ಣಗಳೆಲ್ಲ ಚೆನ್ನಾಗಿ ಕಾಣುತ್ತವೆ. ನಾನು ಹುಣಿಸೆಹಣ್ಣು ಬಿಡಿಸುತ್ತಿದ್ದೆ, ಅವಳು ಗೋಡೆಗೆ ಒರಗಿ ನೋಡುತ್ತಿದ್ದಳು. ರವಿಚಂದ್ರನ್ ಸಂಸಾರಕ್ಕೆ ಏನಾಗುವುದೋ ಎಂಬ ಆತಂಕ ಅವಳಿಗೆ ಇದ್ದ ಹಾಗೆ ಕಾಣಲಿಲ್ಲ. ಆಶಾ ಶರತ್ ಮಾಡಿದ ಐಜಿ ತೆರೆಯ ಮೇಲೆ ಬಂದಾಗ ಮಾತ್ರ ಮುಂದಕ್ಕೆ ಬಾಗಿದಳು.

“ಅವನು ಮನೆಯಿಂದ ಹೊರಟಾಗ ಯಾವ ಅಂಗಿ ತೊಟ್ಟಿದ್ದ ಎಂದು ಆ ತಾಯಿಗೆ ನೆನಪಿದೆಯೋ ಇಲ್ಲವೋ” ಎಂದಳು.

ಚಿತ್ರ ಮುಗಿಯುವ ಮೊದಲೇ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ತಿಳಿ ಹಸಿರು ಅಂಗಿ ಅದರೊಳಗೆ ಮೇಲ್ಗಡೆಯೇ ಇರುತ್ತದೆ.